ಆಪರೇಷನ್ ಆಗಿ ಒಂಬತ್ತು ವರ್ಷದ ಮೇಲೆ ಎರಡು ಗೆರೆ

ಇದು ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡ ಒಬ್ಬ ಮಹಿಳೆಯ ಪ್ರಕರಣ. ಆಪ್ತಸಮಾಲೋಚಕಿಯಾಗಿ ನಾನು ಇವರನ್ನು ಮೂರು ವರ್ಷ ನೋಡಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ, ಹೆಸರು ಕೊಟ್ಟಿಲ್ಲ, ಸುಳ್ಳು ಹೆಸರನ್ನೂ ಇಟ್ಟಿಲ್ಲ.

ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಒಂದು, ಆಪರೇಷನ್ ಆದ ಮೇಲೂ ಬಸಿರಾಗಬಹುದಾ? ಇನ್ನೊಂದು, ಬೇಕೆನಿಸಿದರೆ ಗರ್ಭನಾಳ ಮತ್ತೆ ಜೋಡಿಸಬಹುದಾ? ಒಂದನ್ನು ಕೇಳುವವರು ಇನ್ನೊಂದನ್ನು ಕೇಳುವುದು ಅಪರೂಪ. ಇವರಿಗೆ ಮಾತ್ರ ಎರಡೂ ಕೆಲವೇ ತಿಂಗಳೊಳಗೆ ಎದುರಾದವು.

ಹಿನ್ನೆಲೆ

ಆಪರೇಷನ್ ಆದಾಗ ಆಕೆಗೆ 25 ವರ್ಷ. ಎರಡು ಮಕ್ಕಳಿದ್ದರು, ಚಿಕ್ಕದಕ್ಕೆ ಆರು ತಿಂಗಳು. ಗರ್ಭನಿರೋಧಕ ಮಾತ್ರೆ ದಿನಾ ನೆನಪಿಟ್ಟು ನುಂಗುವುದು ಅವರಿಂದ ಆಗುತ್ತಿರಲಿಲ್ಲ. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ, ಲ್ಯಾಪ್ರೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಹಾಕಿ, ಎರಡೂ ಗರ್ಭನಾಳಗಳಿಗೆ ರಿಂಗ್ ತೊಡಿಸಿದರು. ಅವತ್ತೇ ಸಂಜೆ ಮನೆಗೆ ಬಂದರು.

ಸಹಿ ಹಾಕುವ ಮುಂಚೆ ನಡೆದ ಮಾತು ಅವರಿಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ಅದು ಇದ್ದದ್ದೇ ಅಷ್ಟು.

"ಇದು ಪರ್ಮನೆಂಟ್ ಅಲ್ವಾ ಮೇಡಂ?"

"ಹೌದಮ್ಮ, ಪರ್ಮನೆಂಟ್."

ಈ ಒಂದು ಪದವನ್ನು ಇಬ್ಬರೂ ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡಿದ್ದರು. ಡಾಕ್ಟರ್ ಹೇಳಿದ್ದು, ಮುಂದೆ ಬಿಚ್ಚಿಸಬಹುದು ಅಂತ ಲೆಕ್ಕ ಹಾಕಿ ಮಾಡಿಸಿಕೊಳ್ಳಬೇಡ ಎಂದು. ಆಕೆಗೆ ಕೇಳಿಸಿದ್ದು, ಇನ್ನು ಬಸಿರಾಗುವ ಪ್ರಶ್ನೆಯೇ ಇಲ್ಲ ಎಂದು. ಬಿಚ್ಚಿಸುವ ವಿಷಯದಲ್ಲಿ ಅವರ ನಂಬಿಕೆಯೇ ಬೇರೆ ಇತ್ತು. ರಿಂಗ್ ತಾನೇ, ಹಾಕಿದ್ದನ್ನು ತೆಗೆದರಾಯಿತು ಎಂದು ನೆಂಟರೊಬ್ಬರು ಹೇಳಿದ್ದರು. ಅದು ತಪ್ಪು. ನಾಳವನ್ನು ಕುಣಿಕೆಯಂತೆ ಮಡಚಿ ಅದರ ಬುಡಕ್ಕೆ ರಿಂಗ್ ಬಿಗಿಯುತ್ತಾರೆ. ರಕ್ತ ಸಿಗದೆ ಆ ಕುಣಿಕೆ ಸತ್ತುಹೋಗುತ್ತದೆ, ಉಳಿದ ನಾಳ ಎರಡು ತುಂಡಾಗುತ್ತದೆ. ಆಮೇಲೆ ರಿಂಗ್ ತೆಗೆದರೂ ದಾರಿ ತೆರೆಯುವುದಿಲ್ಲ.

ನಾಲ್ಕು ವರ್ಷದ ನಂತರ ಆ ಮದುವೆ ಮುರಿಯಿತು. 32ನೇ ವಯಸ್ಸಿನಲ್ಲಿ ಮತ್ತೆ ಮದುವೆಯಾದರು. ಈಗಿನ ಗಂಡನಿಗೆ ಸ್ವಂತ ಮಕ್ಕಳಿಲ್ಲ. ಆಪರೇಷನ್ ಆಗಿರುವುದನ್ನು ಮೊದಲೇ ಹೇಳಿದ್ದರು, ಅವರೂ ಒಪ್ಪಿದ್ದರು. ಆ ವಿಷಯ ಅಲ್ಲಿಗೆ ಮುಗಿಯಿತು ಎಂದೇ ಇಬ್ಬರೂ ಅಂದುಕೊಂಡಿದ್ದರು.

ತಡವಾದ ಮುಟ್ಟು

34ನೇ ವಯಸ್ಸಿನಲ್ಲಿ ಒಂದು ತಿಂಗಳು ಮುಟ್ಟು 12 ದಿನ ತಡವಾಯಿತು. ಆಮೇಲೆ ಸ್ವಲ್ಪ ಕಲೆ ಕಾಣಿಸಿತು, ಹೊಟ್ಟೆಯ ಬಲಗಡೆ ಎಳೆದಂತೆ ನೋವು. ಕೆಲಸದ ಒತ್ತಡ, ಇಲ್ಲವೇ ಮುಟ್ಟು ನಿಲ್ಲುವ ಕಾಲ ಬೇಗ ಬಂದಿರಬೇಕು ಎಂದುಕೊಂಡರು. ಬಸಿರು ಎಂಬ ಯೋಚನೆಯೇ ಬರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಸುಮ್ನೆ ಒಂದು ಕಿಟ್ ತಂದು ನೋಡಿ ಅಂದರು. ಎರಡು ಗೆರೆ ಬಂತು. ಕಿಟ್ ಕೆಟ್ಟಿರಬೇಕೆಂದು ಇನ್ನೊಂದು ತಂದರು. ಅದರಲ್ಲೂ ಎರಡು ಗೆರೆ.

ಆ ಸಹೋದ್ಯೋಗಿ ಬಾಯಿ ಬಿಡದೆ ಇದ್ದಿದ್ದರೆ ಏನಾಗುತ್ತಿತ್ತೋ. ಈ ಪ್ರಕರಣದ ಮೊದಲ ತಿರುವು ಅದೇ, ಅದೂ ಆಸ್ಪತ್ರೆಯ ಹೊರಗೆ ಆದದ್ದು.

ಆಪರೇಷನ್ ಸೋಲುವುದು ಕಮ್ಮಿ, ಆದರೆ ಸೊನ್ನೆ ಅಲ್ಲ. ಇದರ ಬಗ್ಗೆ ನಾವೆಲ್ಲ ಹೆಚ್ಚಾಗಿ ಎತ್ತಿ ಹೇಳುವುದು ಅಮೆರಿಕದ ಕ್ರೆಸ್ಟ್ ಅಧ್ಯಯನವನ್ನು. 10,685 ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತು ವರ್ಷದಲ್ಲಿ ಸಾವಿರಕ್ಕೆ 18.5 ಮಂದಿ ಬಸಿರಾಗಿದ್ದರು, ಅಂದರೆ ಸುಮಾರು 54ಕ್ಕೆ ಒಬ್ಬರು. ಎಲ್ಲ ವಿಧಾನವೂ ಒಂದೇ ಅಲ್ಲ. ಹೆರಿಗೆಯಾದ ಕೂಡಲೇ ನಾಳದ ತುಂಡು ಕತ್ತರಿಸಿ ತೆಗೆದವರಲ್ಲಿ ಸಾವಿರಕ್ಕೆ 7.5, ಸ್ಪ್ರಿಂಗ್ ಕ್ಲಿಪ್ ಹಾಕಿದವರಲ್ಲಿ 36.5. ರಿಂಗ್ ಇವೆರಡರ ನಡುವೆ ಬರುತ್ತದೆ. ವಯಸ್ಸಿನ ಲೆಕ್ಕವೂ ಇದೆ. 28 ತುಂಬುವ ಮುಂಚೆ ಕ್ಲಿಪ್ ಹಾಕಿಸಿಕೊಂಡವರಲ್ಲಿ ಈ ಸಂಖ್ಯೆ 52ಕ್ಕೆ ಏರಿತ್ತು. ಚಿಕ್ಕ ವಯಸ್ಸಿನಲ್ಲಿ ಬಸಿರಾಗುವ ಶಕ್ತಿ ಜಾಸ್ತಿ, ಮುಂದೆ ಇರುವ ವರ್ಷಗಳೂ ಜಾಸ್ತಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಹಾಗೆ ನಿಂತ ಬಸಿರುಗಳಲ್ಲಿ ಮೂರರಲ್ಲೊಂದು ಗರ್ಭಕೋಶದ ಹೊರಗೆ ನಿಂತಿತ್ತು, ಅಂದರೆ ಎಕ್ಟೋಪಿಕ್. ಆಪರೇಷನ್ ಆದವರ ಒಟ್ಟು ಲೆಕ್ಕದಲ್ಲಿ ಎಕ್ಟೋಪಿಕ್ ಅಪರೂಪವೇ, ಯಾಕೆಂದರೆ ಬಸಿರೇ ಅಪರೂಪ. ಆದರೆ ಎರಡು ಗೆರೆ ಬಂದ ಮೇಲೆ ಆ ಲೆಕ್ಕ ತಲೆಕೆಳಗಾಗುತ್ತದೆ. ಅದಕ್ಕೇ ನಮ್ಮ ಡಾಕ್ಟರ್, ಆಪರೇಷನ್ ಆಗಿದೆ ಎಂಬ ಮಾತು ಕೇಳಿದ ತಕ್ಷಣ ಪೆನ್ನು ಕೆಳಗಿಟ್ಟು ಸ್ಕ್ಯಾನಿಂಗ್ ಕೋಣೆಗೆ ಕರೆದುಕೊಂಡು ಹೋದರು.

ಸ್ಕ್ಯಾನಿಂಗಿನಲ್ಲಿ ಗರ್ಭಕೋಶ ಖಾಲಿ. ನಾಳದಲ್ಲೂ ಏನೂ ಸ್ಪಷ್ಟವಾಗಿ ಕಾಣಲಿಲ್ಲ. ರಕ್ತದಲ್ಲಿ ಬಸಿರಿನ ಹಾರ್ಮೋನ್ ಆದ ಬೀಟಾ ಎಚ್‌ಸಿಜಿ 1,900 ಇತ್ತು. ಎರಡು ದಿನ ಬಿಟ್ಟು ಮತ್ತೆ ನೋಡಬೇಕು, ಅಷ್ಟರಲ್ಲಿ ನೋವು ಜಾಸ್ತಿಯಾದರೆ, ತಲೆ ಸುತ್ತಿದರೆ ಅಥವಾ ಭುಜದ ತುದಿಯಲ್ಲಿ ನೋವು ಬಂದರೆ ರಾತ್ರಿಯಾದರೂ ಸರಿ ಬಂದುಬಿಡಿ ಎಂದು ಹೇಳಿ ಕಳಿಸಿದರು. ಭುಜಕ್ಕೂ ಇದಕ್ಕೂ ಏನು ಸಂಬಂಧ ಎಂದು ಗಂಡ ಕೇಳಿದರು. ಹೊಟ್ಟೆಯೊಳಗೆ ಸೋರಿದ ರಕ್ತ, ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತದೆ.

ಆ ಎರಡು ದಿನ ಮನೆಯಲ್ಲಿ ಏನು ನಡೆಯಿತೆಂಬುದು ನನಗೆ ತುಂಬ ತಡವಾಗಿ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

"ಬಲಗಡೆ ಮಾತ್ರ"

ಮೂರನೇ ದಿನ ಎಚ್‌ಸಿಜಿ 2,600. ಸರಿಯಾದ ಜಾಗದಲ್ಲಿ ಬೆಳೆಯುವ ಬಸಿರಿಗೆ ಈ ಏರಿಕೆ ಸಾಲದು. ಸ್ಕ್ಯಾನಿಂಗಿನಲ್ಲಿ ಬಲಗಡೆ ಗಂಟು ಕಂಡಿತು, ಹೊಟ್ಟೆಯಲ್ಲಿ ರಕ್ತ ಸೇರತೊಡಗಿತ್ತು. ಇಷ್ಟಾಗಿರದಿದ್ದರೆ ಮೆಥೊಟ್ರೆಕ್ಸೇಟ್ ಸೂಜಿಯಲ್ಲಿ ಮುಗಿಸಬಹುದಿತ್ತು. ಈಗ ಆಪರೇಷನ್ನೇ ದಾರಿ. ತಯಾರಿಗೆ ಎರಡು ತಾಸು ಇತ್ತು.

ಬಲನಾಳ ತೆಗೆಯುವುದರಲ್ಲಿ ಚರ್ಚೆ ಇರಲಿಲ್ಲ. ಎಡನಾಳ ಏನು ಮಾಡುವುದು? ಅದನ್ನೂ ತೆಗೆದುಬಿಡುವುದು ಒಳ್ಳೆಯದು ಎಂದು ಡಾಕ್ಟರ್ ಹೇಳಿದರು. ಅವರ ಕಾರಣಗಳು ಗಟ್ಟಿ ಇದ್ದವು. ನಾಳವೇ ಇಲ್ಲದಿದ್ದರೆ ಬಸಿರಾಗುವುದು ಅತಿ ಅಪರೂಪ, ನಾಳದಲ್ಲಿ ಬಸಿರು ನಿಲ್ಲುವ ಭಯವೂ ಇಲ್ಲ. ಅಂಡಾಶಯದ ಕ್ಯಾನ್ಸರ್ ಎಂದು ನಾವು ಕರೆಯುವುದು ಎಷ್ಟೋ ಸಲ ನಾಳದ ತುದಿಯಲ್ಲಿ ಶುರುವಾಗುತ್ತದೆ, ಆ ಅಪಾಯವೂ ಕಮ್ಮಿಯಾಗುತ್ತದೆ. ಗಂಡ ಹೆದರಿಹೋಗಿದ್ದರು. "ಎರಡೂ ತೆಗೆದುಬಿಡಿ ಡಾಕ್ಟ್ರೇ" ಅಂದರು.

ಆಕೆ ಮಾತ್ರ, "ಬಲಗಡೆ ಮಾತ್ರ. ಎಡಗಡೆ ಇವತ್ತು ಮುಟ್ಟಬೇಡಿ" ಅಂದರು. ಯಾಕೆ ಎಂದು ಕೇಳಿದೆ. "ಗೊತ್ತಿಲ್ಲ ಮೇಡಂ" ಅಂದರು.

ಅವತ್ತು ನನಗೆ ಅದು ತಪ್ಪು ನಿರ್ಧಾರ ಎನ್ನಿಸಿತು. ಈಗ ಹಾಗೆ ಅನ್ನಿಸುವುದಿಲ್ಲ, ಆದರೆ ಆಮೇಲೆ ನಡೆದದ್ದರಿಂದ ಮನಸ್ಸು ಬದಲಾದದ್ದಲ್ಲ. ನೋವು, ಭಯ, ಎರಡು ತಾಸಿನ ಗಡುವು, ಇದರ ನಡುವೆ ಪ್ರಾಣಕ್ಕೆ ಬೇಕಾದದ್ದನ್ನು ಒಪ್ಪಿಕೊಂಡು ಬೇರೆಯದನ್ನು ಮುಂದಕ್ಕೆ ತಳ್ಳಿದರು. ಎಡನಾಳವನ್ನು ಮುಂದಿನ ತಿಂಗಳೂ ತೆಗೆಯಬಹುದು. ತೆಗೆದದ್ದನ್ನು ವಾಪಸ್ ಇಡಲು ಬರುವುದಿಲ್ಲ.

ಡಾಕ್ಟರ್ ಒಂದು ಒಳ್ಳೆಯ ಕೆಲಸ ಮಾಡಿದರು. ಬಿಟ್ಟ ನಾಳವನ್ನು ಚೆನ್ನಾಗಿ ನೋಡಿ, ಆಪರೇಷನ್ ನೋಟಿನಲ್ಲಿ ಎರಡು ಸಾಲು ಬರೆದರು. ರಿಂಗ್ ಜಾಗದಲ್ಲೇ ಇದೆ. ಗರ್ಭಕೋಶದ ಕಡೆ ಸುಮಾರು 2 ಸೆಂ.ಮೀ., ಆಚೆ ಕಡೆ ಸುಮಾರು 5 ಸೆಂ.ಮೀ. ನಾಳ ಉಳಿದಿದೆ, ತುದಿಯ ಕುಚ್ಚು ಆರೋಗ್ಯವಾಗಿದೆ, ಅಂಟಿಕೊಂಡಿಲ್ಲ. ಆ ಎರಡು ಸಾಲಿನ ಬೆಲೆ ಎರಡು ತಿಂಗಳ ನಂತರ ಗೊತ್ತಾಯಿತು.

ಸಿಟ್ಟು

ಡಿಸ್ಚಾರ್ಜ್ ಆಗಿ ಹದಿನೈದು ದಿನಕ್ಕೆ ಆಕೆ ಸಿಟ್ಟಿನಲ್ಲಿ ಬಂದರು. ಒಂಬತ್ತು ವರ್ಷದ ಹಿಂದೆ ಆಪರೇಷನ್ ಮಾಡಿದವರು ಸರಿಯಾಗಿ ಮಾಡಿಲ್ಲ, ದೂರು ಕೊಡುತ್ತೇನೆ ಎಂದರು. ಕೊಡಿ, ಆದರೆ ಮೊದಲು ಹಳೆಯ ಆಪರೇಷನ್ ನೋಟ್ ತನ್ನಿ ಎಂದೆ. ಮೂರು ಸಲ ಅಲೆದ ಮೇಲೆ ಒಂದು ಹಾಳೆ ಸಿಕ್ಕಿತು. ಎರಡೂ ಕಡೆ ರಿಂಗ್ ಸರಿಯಾದ ಜಾಗದಲ್ಲಿ ಬಿದ್ದಿದೆ ಎಂದು ಬರೆದಿತ್ತು. ನಮ್ಮ ಡಾಕ್ಟರ್ ಕಣ್ಣಾರೆ ಕಂಡದ್ದೂ ಅದನ್ನೇ.

ಹಾಗಾದರೆ ಬಸಿರು ನಿಂತದ್ದು ಹೇಗೆ? ಕೆಲವೊಮ್ಮೆ ರಿಂಗ್ ನಾಳದ ಬದಲು ಪಕ್ಕದ ತಂತುವಿಗೆ ಬಿದ್ದಿರುತ್ತದೆ, ಅದು ಕೈತಪ್ಪು. ಕೆಲವೊಮ್ಮೆ ಆಪರೇಷನ್ ದಿನವೇ ಬಸಿರು ಆಗಲೇ ನಿಂತಿರುತ್ತದೆ. ಇವರಲ್ಲಿ ಆದದ್ದು ಮೂರನೆಯದು. ಗರ್ಭಕೋಶದ ಕಡೆಯ ಮೊಂಡು ತುದಿಯಲ್ಲಿ ಕಾಲಕ್ರಮೇಣ ಸಣ್ಣ ರಂಧ್ರ ತೆರೆದುಕೊಂಡಿತ್ತು. ವೀರ್ಯಾಣುವಿನ ತಲೆ ಅಂಡಕ್ಕಿಂತ ತುಂಬ ಸಣ್ಣದು. ಅದು ಆ ರಂಧ್ರದಿಂದ ಹೊಟ್ಟೆಯೊಳಕ್ಕೆ ನುಸುಳಿ, ನಾಳದ ಆಚೆ ತುಂಡಿಗೆ ಸೇರಿ, ಅಲ್ಲಿ ಅಂಡವನ್ನು ಕೂಡಿಕೊಂಡಿತು. ಹಿಂದಿರುಗಿ ಗರ್ಭಕೋಶಕ್ಕೆ ಬರಲು ಅಂಡಕ್ಕೆ ದಾರಿ ಇಲ್ಲ. ಅದು ಅಲ್ಲೇ ಬೇರೂರಿತು. ಆಪರೇಷನ್ ಸೋತಾಗ ಎಕ್ಟೋಪಿಕ್ ಯಾಕೆ ಜಾಸ್ತಿ ಎಂಬುದಕ್ಕೆ ಇದು ಒಂದು ಉತ್ತರ. ಇದು ವರ್ಷಗಳು ಕಳೆದ ಮೇಲೂ ಆಗುತ್ತದೆ, ಹತ್ತಿರ ಹತ್ತು ವರ್ಷ ಏನೂ ಆಗಲಿಲ್ಲ ಎಂದರೆ ಇನ್ನು ಆಗುವುದಿಲ್ಲ ಎಂದಲ್ಲ.

ದೂರು ಕೊಡುವ ಯೋಚನೆ ಬಿಟ್ಟರು. "ಆದರೂ ಆಗಬಹುದು ಅಂತ ಒಂದು ಮಾತು ಹೇಳಬಹುದಿತ್ತಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮಾತು ಹೇಳುವುದು ನನ್ನಂಥವರ ಕೆಲಸವೇ.

ಎರಡನೇ ಪ್ರಶ್ನೆ

ಎರಡು ತಿಂಗಳಾದ ಮೇಲೆ ಗಂಡನ ಜೊತೆ ಬಂದರು. ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಎಡಗಡೆ ಜೋಡಿಸೋಕೆ ಆಗುತ್ತಾ?" ಎಂದು ಕೇಳಿದರು.

ಆಗ ಆ ಎರಡು ದಿನದ ಕಥೆ ಹೊರಬಂತು. ಗರ್ಭಕೋಶ ಖಾಲಿ ಎಂದು ಹೇಳಿ ಕಳಿಸಿದ್ದರೂ, ಗಂಡ ರಾತ್ರಿ ಎದ್ದು ಕ್ಯಾಲೆಂಡರಿನ ಹಾಳೆ ತಿರುಗಿಸಿ ತಿಂಗಳು ಎಣಿಸುತ್ತಿದ್ದರಂತೆ. ಆಕೆ ನಿದ್ದೆ ಬಂದವರಂತೆ ಮಲಗಿ ನೋಡಿದ್ದರು. ಮಗು ಬೇಡ ಎಂದು ಅವರು ಯಾವತ್ತೂ ಹೇಳಿರಲಿಲ್ಲ, ಪರವಾಗಿಲ್ಲ ಎಂದಿದ್ದರು ಅಷ್ಟೆ.

ಕ್ರೆಸ್ಟ್ ಅಧ್ಯಯನದವರು ಆಪರೇಷನ್ ಆದವರ ಪಶ್ಚಾತ್ತಾಪವನ್ನೂ ಕೇಳಿ ದಾಖಲಿಸಿದ್ದರು. 14 ವರ್ಷದೊಳಗೆ, 30 ಅಥವಾ ಅದಕ್ಕಿಂತ ಕಮ್ಮಿ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ 20.3% ಮಂದಿ, 30 ದಾಟಿ ಮಾಡಿಸಿಕೊಂಡವರಲ್ಲಿ 5.9% ಮಂದಿ ಹಾಗೆ ಹೇಳಿದ್ದರು. ನಾನು ಇದನ್ನು ಹೇಗೆ ಓದುತ್ತೇನೆ ಎಂದರೆ, ಚಿಕ್ಕ ವಯಸ್ಸಿನಲ್ಲೂ ಐವರಲ್ಲಿ ನಾಲ್ವರಿಗೆ ಪಶ್ಚಾತ್ತಾಪ ಇಲ್ಲ. ಹಾಗಾಗಿ 25ಕ್ಕೆ ಮಾಡಿಸಿಕೊಂಡದ್ದೇ ತಪ್ಪು ಎಂದು ಯಾರ ಮೇಲೂ ಹೇರಬಾರದು. ಆದರೆ 25ರಿಂದ 40ರವರೆಗೆ ಬದುಕು ತಿರುಗುವುದಕ್ಕೆ ತುಂಬ ಜಾಗ ಇರುತ್ತದೆ.

ಜೋಡಿಸುವುದಕ್ಕೆ ಆಗುತ್ತದಾ ಎಂಬುದು, ಮೊದಲ ಸಲ ಹೇಗೆ ಮುಚ್ಚಿದರು ಎಂಬುದರ ಮೇಲೆ ನಿಂತಿದೆ. ಇಡೀ ನಾಳ ಸುಮಾರು 10ರಿಂದ 12 ಸೆಂ.ಮೀ. ಕ್ಲಿಪ್ ಹಾಳು ಮಾಡುವುದು ತುಂಬ ಕಮ್ಮಿ, ರಿಂಗ್ ಅದಕ್ಕಿಂತ ಜಾಸ್ತಿ. ಸುಟ್ಟು ಮುಚ್ಚಿದರೆ ಎಷ್ಟು ಉದ್ದ ಸುಟ್ಟಿದೆಯೋ ಹೊರಗಿನಿಂದ ತಿಳಿಯದು. ತುದಿಯ ಕುಚ್ಚನ್ನು ಕತ್ತರಿಸಿದ್ದರೆ ಆಸೆ ಇಡುವುದು ಕಷ್ಟ. ಪೂರ್ತಿ ನಾಳ ತೆಗೆದಿದ್ದರೆ ಜೋಡಿಸಲು ಏನೂ ಇಲ್ಲ. ಜೋಡಿಸಿದ ಮೇಲೆ ಕನಿಷ್ಠ 4 ಸೆಂ.ಮೀ. ಉಳಿಯುವಂತಿದ್ದರೆ ಅವಕಾಶ ಚೆನ್ನಾಗಿರುತ್ತದೆ. ಇದನ್ನೆಲ್ಲ ತಿಳಿಯಲು ಸಾಮಾನ್ಯವಾಗಿ ಮತ್ತೆ ಕ್ಯಾಮೆರಾ ಹಾಕಿ ನೋಡಬೇಕಾಗುತ್ತದೆ. ಇವರಿಗೆ ಬೇಕಾಗಲಿಲ್ಲ, ಡಾಕ್ಟರ್ ಬರೆದಿಟ್ಟ ಎರಡು ಸಾಲು ಇತ್ತಲ್ಲ.

ಮೊದಲು ಮಾಡಿಸಿದ್ದು ಗಂಡನ ವೀರ್ಯ ಪರೀಕ್ಷೆ. ಎಷ್ಟೋ ಜನ ಇದನ್ನು ಕೊನೆಗೆ ಬಿಡುತ್ತಾರೆ. ಅದರಲ್ಲಿ ದೊಡ್ಡ ತೊಂದರೆ ಇದ್ದರೆ ನಾಳ ಜೋಡಿಸಿ ಏನು ಪ್ರಯೋಜನ? ಇವರದು ಸರಿಯಾಗಿತ್ತು.

ಉಳಿದದ್ದು ಎರಡು ದಾರಿ: ಜೋಡಣೆ ಅಥವಾ ಐವಿಎಫ್, ಅಂದರೆ ಅಂಡ ಮತ್ತು ವೀರ್ಯಾಣುವನ್ನು ದೇಹದ ಹೊರಗೆ ಕೂಡಿಸಿ ಭ್ರೂಣವನ್ನು ಗರ್ಭಕೋಶದಲ್ಲಿ ಇಡುವುದು. ಐವಿಎಫ್‌ಗೆ ನಾಳವೇ ಬೇಡ. 1978ರಲ್ಲಿ ಐವಿಎಫ್‌ನಿಂದ ಮೊದಲು ಹುಟ್ಟಿದ ಲೂಯಿಸ್ ಬ್ರೌನ್ ಅವರ ತಾಯಿಗೆ ಇದ್ದ ತೊಂದರೆಯೂ ಮುಚ್ಚಿದ ನಾಳವೇ. ಜೋಡಣೆಯಾದರೆ ತಿಂಗಳು ತಿಂಗಳು ತಾವೇ ಪ್ರಯತ್ನಿಸಬಹುದು. ಆಯ್ದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಸಿರಾಗುತ್ತಾರೆ, ಆದರೆ ಆ ಲೆಕ್ಕ ಹೆಚ್ಚಾಗಿ ಎರಡೂ ನಾಳ ಇರುವವರದು. ಇವರಿಗೆ ಒಂದೇ. ಜೋಡಿಸಿದ ನಾಳದಲ್ಲಿ ಎಕ್ಟೋಪಿಕ್ ಅಪಾಯ ಇದ್ದೇ ಇದೆ, ಇವರಿಗೆ ಒಮ್ಮೆ ಆಗಿಯೂ ಇದೆ. ನನ್ನ ಮನಸ್ಸು ಐವಿಎಫ್ ಕಡೆ ಇತ್ತು. ಆಕೆ ಜೋಡಣೆ ಆರಿಸಿದರು. ಮತ್ತೆ ಮತ್ತೆ ಸೂಜಿ, ಸ್ಕ್ಯಾನಿಂಗ್ ತನ್ನಿಂದ ಆಗದು ಎಂದರು.

ಡಾಕ್ಟರ್ ಎರಡು ಷರತ್ತು ಹಾಕಿದರು. ಮೊದಲನೆಯದು, ಮುಟ್ಟು ಎರಡು ದಿನ ತಡವಾದರೂ ಪರೀಕ್ಷೆ ಮಾಡಬೇಕು, ಬಸಿರಾದರೆ ಬೇಗ ಸ್ಕ್ಯಾನಿಂಗಿಗೆ ಬರಬೇಕು. ಎರಡನೆಯದು ನಾನು ಹೇಳಿ ಸೇರಿಸಿದ್ದು: 12 ತಿಂಗಳಲ್ಲಿ ಆಗದಿದ್ದರೆ ಕೂತು ಮಾತಾಡಬೇಕು. ಆ ತಾರೀಖನ್ನು ಅವರ ಕೈಯಲ್ಲೇ ಬರೆಸಿದೆ.

ಏನಾಯಿತು

ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳುವಾದ ದಾರದಲ್ಲಿ ನಾಳ ಜೋಡಿಸಿದರು. ಜೋಡಿಸಿದ ಮೇಲೆ ಸುಮಾರು 6 ಸೆಂ.ಮೀ. ಉಳಿಯಿತು. ನಾಲ್ಕು ತಿಂಗಳ ನಂತರ ಗರ್ಭಕೋಶಕ್ಕೆ ಬಣ್ಣ ಹಾಕಿ ಎಕ್ಸ್‌ರೇ ತೆಗೆದಾಗ ಬಣ್ಣ ನಾಳದ ತುದಿಯಿಂದ ಹೊರಗೆ ಹರಿಯಿತು. ತಾಂತ್ರಿಕವಾಗಿ ಇದು ಯಶಸ್ಸು. ಆಪರೇಷನ್ ಯಶಸ್ವಿ ಎಂದು ಹಾಳೆಯಲ್ಲಿ ಬರೆಯುವುದು ಇದನ್ನೇ.

ಬಸಿರು ನಿಲ್ಲಲಿಲ್ಲ. 12 ತಿಂಗಳಾಯಿತು. ಬರೆದಿಟ್ಟ ತಾರೀಖು ಬಂದು ಹೋಯಿತು, ಅವರು ಬರಲಿಲ್ಲ, ನಾನೂ ಫೋನ್ ಮಾಡಲಿಲ್ಲ. ಐದು ತಿಂಗಳು ತಡವಾಗಿ ಬಂದಾಗ ಆಕೆಗೆ 36 ದಾಟಿತ್ತು. ಐವಿಎಫ್ ಬಗ್ಗೆ ಮತ್ತೊಮ್ಮೆ ಕೇಳಿ, ಎರಡು ವಾರ ಯೋಚಿಸಿ, ಬೇಡ ಎಂದರು. ಈ ಸಲ ಆ ಮಾತು ಇಬ್ಬರೂ ಹೇಳಿದರು.

ಆ ಐದು ತಿಂಗಳ ಬಗ್ಗೆ ನನಗೆ ಈಗಲೂ ಬೇಜಾರಿದೆ. ತಾರೀಖು ಬರೆಸಿದವಳೇ ಫೋನ್ ಮಾಡಬೇಕಿತ್ತು.

ಈ ಪ್ರಕರಣದ ನಂತರ ಪರ್ಮನೆಂಟ್ ಎಂಬ ಪದವನ್ನು ನಾನು ಬಳಸುವುದು ಬಿಟ್ಟಿದ್ದೇನೆ. ಎರಡು ಮಾತನ್ನು ಬೇರೆ ಬೇರೆಯಾಗಿ ಹೇಳುತ್ತೇನೆ. ಹತ್ತು ವರ್ಷದಲ್ಲಿ ಐವತ್ತಕ್ಕೆ ಒಬ್ಬರಿಗೆ ಬಸಿರು ನಿಲ್ಲಬಹುದು, ಮುಟ್ಟು ತಪ್ಪಿದರೆ ನೋಡಿಕೊಳ್ಳಿ. ಮತ್ತೆ ಜೋಡಿಸುವುದನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಜೋಡಿಸಬೇಕಾಗಿ ಬರಬಹುದೇನೋ ಎಂಬ ಅನುಮಾನ ಒಂದು ಕಾಳಿನಷ್ಟಿದ್ದರೂ ಕಾಪರ್ ಟಿ ಅಥವಾ ಹಾರ್ಮೋನ್ ಇರುವ ಲೂಪ್ ತೋರಿಸುತ್ತೇನೆ. ಬಸಿರು ತಡೆಯುವುದರಲ್ಲಿ ಅವು ಈ ಆಪರೇಷನ್ನಿಗೆ ಹೆಗಲೆಣೆ, ಬೇಡವಾದ ದಿನ ತೆಗೆಸಬಹುದು. 25ನೇ ವಯಸ್ಸಿನಲ್ಲಿ ಆಕೆಗೆ ಇದನ್ನು ಯಾರೂ ತೋರಿಸಿರಲಿಲ್ಲ.

ಒಂದು ವಿಷಯ ಉಳಿದಿತ್ತು. ನಾಳ ತೆರೆದಿದೆ, ಆಕೆಗೆ 36, ಮಗು ಬೇಡ ಎಂದು ನಿರ್ಧಾರವಾಗಿದೆ. ಅಂದರೆ ಈಗ ಮತ್ತೆ ಗರ್ಭನಿರೋಧಕ ಬೇಕು. ಇದು ಆಕೆಗೆ ಹೊಳೆದಿರಲೇ ಇಲ್ಲ, ಹೇಳಿದಾಗ ನಕ್ಕುಬಿಟ್ಟರು. ನಾನೇ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ಗಂಡ ಮುಂದೆ ಬಂದರು. ಗಂಡಸರದು ಇನ್ನೂ ಸುಲಭ, ಹೊಟ್ಟೆ ತೆರೆಯಬೇಕಿಲ್ಲ. ಆಕೆ ಅವರ ಮುಖ ನೋಡಿ, "ನಿಮಗೆ ಮುಂದೆ ಬೇಕು ಅನ್ನಿಸಿದರೆ?" ಎಂದರು. ಅವರು ಉತ್ತರ ಹೇಳಲಿಲ್ಲ. ಕೊನೆಗೆ ಆಕೆ ಕಾಪರ್ ಟಿ ಹಾಕಿಸಿಕೊಂಡರು.

ಹೊರಡುವ ಮುಂಚೆ ನರ್ಸ್ ಹತ್ತಿರ ಕಾರ್ಡ್ ಕೇಳಿದರು. ಯಾವ ಬಗೆಯದು, ಹಾಕಿದ ದಿನ, ಬದಲಿಸಬೇಕಾದ ವರ್ಷ, ಎಲ್ಲ ಬರೆಸಿಕೊಂಡರು. ಅಕ್ಷರ ಸ್ಪಷ್ಟವಾಗಿಲ್ಲ ಎಂದು ಒಂದು ಸಾಲನ್ನು ಮತ್ತೆ ಬರೆಸಿದರು. ಅಲ್ಲೇ ಫೋನಿನಲ್ಲಿ ಫೋಟೊ ತೆಗೆದು, ಪಕ್ಕದಲ್ಲೇ ನಿಂತಿದ್ದ ಗಂಡನಿಗೆ ಕಳಿಸಿದರು.